ಕ್ವೇಕರ್ ದೃಷ್ಟಿಯಲ್ಲಿ ಬೈಬಲಿನ ಸ್ವತಂತ್ರ ಅಧ್ಯಯನ

ಬೈಬಲನ್ನು ಸಭಾಪಾಲಕರ ವ್ಯಾಖ್ಯಾನಕ್ಕೆ ಕಾಯದೆ ತಾನೇ ಓದುವುದು, ಓದಿದ್ದನ್ನು ಮೌನದಲ್ಲಿ ತೂಗಿ ನೋಡುವುದು, ಆಮೇಲೆ ಅದನ್ನು ಜೊತೆಗಾರರ ಮುಂದಿಟ್ಟು ಒರೆಗೆ ಹಚ್ಚುವುದು: ಕ್ವೇಕರ್ ಪಂಥದ ಕ್ರೈಸ್ತರು ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳಿಂದ ಬೆಳೆಸಿಕೊಂಡು ಬಂದ ಅಧ್ಯಯನ ಕ್ರಮವಿದು. 17ನೆಯ ಶತಮಾನದ ಇಂಗ್ಲೆಂಡಿನಲ್ಲಿ ಹುಟ್ಟಿದ ಈ ಪಂಥದವರು ತಮ್ಮನ್ನು ಮಿತ್ರರು ಎಂದು ಕರೆದುಕೊಳ್ಳುತ್ತಾರೆ. ಯೋಹಾನನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಯೇಸು ಶಿಷ್ಯರನ್ನು ಆಳುಗಳೆನ್ನದೆ ಗೆಳೆಯರೆಂದು ಕರೆಯುವ ಪ್ರಸಂಗವನ್ನು ಈ ಹೆಸರಿನೊಂದಿಗೆ ನೆನೆಯುವುದುಂಟು. ಇಂದು ಜಗತ್ತಿನಲ್ಲಿ ಅವರ ಸಂಖ್ಯೆ ನಾಲ್ಕು ಲಕ್ಷಕ್ಕೆ ಹತ್ತಿರವಿದೆ. ಎಲ್ಲಕ್ಕಿಂತ ಹೆಚ್ಚು ಮಂದಿ ಇರುವುದು ಕೆನ್ಯಾದಲ್ಲಿ. ಭಾರತದಲ್ಲಿ ಅವರ ಹಳೆಯ ನೆಲೆಗಳು ಮಧ್ಯಪ್ರದೇಶದ ನರ್ಮದಾ ತೀರ ಮತ್ತು ಬುಂದೇಲಖಂಡ. ಕರ್ನಾಟಕದಲ್ಲಿ ಕ್ವೇಕರ್ ಮಿಷನ್ ಬೇರೂರಲಿಲ್ಲ. ಆದರೂ ಈ ಓದಿನ ಕ್ರಮಕ್ಕೆ ಮಿಷನ್ ಬಂಗಲೆಯಾಗಲಿ ಗೋಪುರವಾಗಲಿ ಬೇಕಿಲ್ಲ. ಒಂದು ಪುಸ್ತಕ, ಒಂದು ಕೋಣೆ, ಕೇಳಿಸಿಕೊಳ್ಳಬಲ್ಲ ನಾಲ್ಕು ಜನ ಸಾಕು. ಆ ಕಾರಣಕ್ಕೇ ಬೆಂಗಳೂರಿನ ಪೂರ್ವ ಅಂಚಿನ ಬೆಳ್ಳಂದೂರಿನಂಥ ಕಡೆ, ಊರು ಬಿಟ್ಟು ಬಂದವರ ಅಪಾರ್ಟ್‌ಮೆಂಟುಗಳ ನಡುವೆ, ಇದು ಪರಿಶೀಲನೆಗೆ ತಕ್ಕ ವಿಷಯವಾಗುತ್ತದೆ.

ಮೂಲ ನಿಲುವು

ಪಂಥದ ಮೊದಲಿಗ ಜಾರ್ಜ್ ಫಾಕ್ಸ್ (1624–1691) ಲೆಸ್ಟರ್‌ಶೈರಿನ ನೇಕಾರನ ಮಗ. ಚಮ್ಮಾರಿಕೆ ಕಲಿಯಲು ಹೋಗಿದ್ದವನು. ಇಂಗ್ಲೆಂಡಿನ ಅಂತರ್ಯುದ್ಧದ ದಿನಗಳಲ್ಲಿ ಊರೂರು ಅಲೆದು, ಸಿಕ್ಕ ಸಿಕ್ಕ ಪಾದ್ರಿಗಳನ್ನೆಲ್ಲ ಪ್ರಶ್ನಿಸಿ, ಯಾರಿಂದಲೂ ಸಮಾಧಾನ ಕಾಣದೆ, ಕೊನೆಗೆ ತನ್ನೊಳಗೇ ಕ್ರಿಸ್ತನ ಬೋಧೆ ಕೇಳಿಸಿತೆಂದು ಹೇಳಿಕೊಂಡ. 1649ರಲ್ಲಿ ನಾಟಿಂಗ್‌ಹ್ಯಾಮಿನ ಚರ್ಚಿನಲ್ಲಿ ಪಾದ್ರಿಯು ಪೇತ್ರನ ಎರಡನೆಯ ಪತ್ರಿಕೆಯ ಒಂದು ವಾಕ್ಯ ಹಿಡಿದು, ಎಲ್ಲ ಮತಗಳನ್ನೂ ಅಭಿಪ್ರಾಯಗಳನ್ನೂ ಅಳೆಯುವ ಒರೆಗಲ್ಲು ಧರ್ಮಗ್ರಂಥವೇ ಎಂದು ಬೋಧಿಸುತ್ತಿದ್ದ. ಫಾಕ್ಸ್ ನಡುವೆಯೇ ಎದ್ದು, ಒರೆಗಲ್ಲು ಗ್ರಂಥವಲ್ಲ, ಗ್ರಂಥವನ್ನು ಬರೆಸಿದ ಪವಿತ್ರಾತ್ಮ ಎಂದು ಕೂಗಿದ. ಅವನನ್ನು ಸೆರೆಮನೆಗೆ ಹಾಕಿದರು. ಕ್ವೇಕರ್ ಓದಿನ ಇಡೀ ಸಿದ್ಧಾಂತ ಈ ಒಂದು ವಾಗ್ವಾದದಲ್ಲಿದೆ.

ಇದನ್ನು ಬೈಬಲಿನ ತಿರಸ್ಕಾರವೆಂದು ತಿಳಿದರೆ ತಪ್ಪಾಗುತ್ತದೆ. ಫಾಕ್ಸ್‌ನ ಬರವಣಿಗೆಯಲ್ಲಿ ಬೈಬಲಿನ ಮಾತು ಹಾಸುಹೊಕ್ಕಾಗಿದೆ; ಅವನು ಗದರುವುದೂ ಸಂತೈಸುವುದೂ ಪ್ರವಾದಿಗಳ ನುಡಿಗಟ್ಟಿನಲ್ಲೇ. ಅವನ ತಕರಾರು ಓದುವ ಬಗೆಯ ಮೇಲಿತ್ತು. 1652ರಲ್ಲಿ ಅವನು ಅಲ್ವರ್‌ಸ್ಟನ್ ಚರ್ಚಿನಲ್ಲಿ ಮಾತಾಡಿದಾಗ ನ್ಯಾಯಾಧೀಶ ಥಾಮಸ್ ಫೆಲ್‌ರ ಪತ್ನಿ ಮಾರ್ಗರೆಟ್ ಫೆಲ್ ಕೂತಲ್ಲೇ ಅತ್ತರು. ಕ್ರಿಸ್ತ ಹೀಗೆಂದ, ಅಪೊಸ್ತಲರು ಹಾಗೆಂದರು ಎಂದು ಒಪ್ಪಿಸುತ್ತೀರಲ್ಲ, ನಿಮ್ಮ ಸ್ವಂತ ಅರಿವಿನಿಂದ ಏನು ಹೇಳಬಲ್ಲಿರಿ ಎಂಬುದು ಅಂದಿನ ಪ್ರಶ್ನೆಯ ಸಾರ. ಪವಿತ್ರ ವಾಕ್ಯಗಳನ್ನು ಬಾಯಲ್ಲಿ ಮಾತ್ರ ಇಟ್ಟುಕೊಂಡ ನಾವು ಅವನ್ನು ಕದ್ದವರಂತಾದೆವು ಎಂಬ ಅರ್ಥದ ಮಾತನ್ನು ಫೆಲ್ ಮುಂದೆ ಬರೆದಿಟ್ಟರು. ಅವರ ಸ್ವಾರ್ತ್‌ಮೋರ್ ಮನೆಯೇ ಚಳವಳಿಯ ಕೇಂದ್ರವಾಯಿತು.

ಈ ನಿಲುವನ್ನು ಶಾಸ್ತ್ರೀಯವಾಗಿ ನಿರೂಪಿಸಿದವನು ಸ್ಕಾಟ್ಲೆಂಡಿನ ರಾಬರ್ಟ್ ಬಾರ್ಕ್ಲೆ. 1676ರಲ್ಲಿ ಲ್ಯಾಟಿನ್‌ನಲ್ಲಿಯೂ 1678ರಲ್ಲಿ ಇಂಗ್ಲಿಷಿನಲ್ಲಿಯೂ ಬಂದ ಅವನ 'ಅಪಾಲಜಿ' ಗ್ರಂಥದ ಮೂರನೆಯ ಪ್ರಮೇಯ ಬೈಬಲಿಗೆ ಮೀಸಲು. ಅವನ ವಾದದಂತೆ ಧರ್ಮಗ್ರಂಥ ಊಟೆಯಲ್ಲ, ಊಟೆ ಇರುವೆಡೆಯನ್ನು ತೋರುವ ಸಾಕ್ಷಿ. ಆದ್ದರಿಂದ ಅದು ಎರಡನೆಯ ಪ್ರಮಾಣ, ಮೊದಲನೆಯದು ಪವಿತ್ರಾತ್ಮ. ಆದರೆ ಬಾರ್ಕ್ಲೆ ಇನ್ನೊಂದು ಮಾತನ್ನೂ ಅಷ್ಟೇ ಬಿಗಿಯಾಗಿ ಸೇರಿಸಿದ: ಆತ್ಮದ ಪ್ರೇರಣೆ ಎಂದು ಯಾರಾದರೂ ಹೇಳಿಕೊಂಡದ್ದು ಗ್ರಂಥಕ್ಕೆ ವಿರುದ್ಧವಾಗಿದ್ದರೆ ಅದನ್ನು ಭ್ರಮೆಯೆಂದೇ ಎಣಿಸಬೇಕು. ಈ ಎರಡನೆಯ ಮಾತನ್ನು ಮರೆತು ಕ್ವೇಕರರನ್ನು ಪುಸ್ತಕವಿಲ್ಲದ ಪಂಥವೆಂದು ವರ್ಣಿಸುವವರು ಬಾರ್ಕ್ಲೆಯ ಅರ್ಧವನ್ನಷ್ಟೇ ಓದಿದವರು.

ಅದೇ ಕಾಲದ ಸ್ಯಾಮ್ಯುಯೆಲ್ ಫಿಷರ್ ಇನ್ನೂ ಮುಂದೆ ಹೋದ. ಆಕ್ಸ್‌ಫರ್ಡಿನಲ್ಲಿ ಓದಿ ಹೀಬ್ರೂ, ಗ್ರೀಕ್ ಬಲ್ಲವನಾಗಿದ್ದ ಆತ 1660ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ, ಕೈಬರಹದ ಪ್ರತಿಗಳಲ್ಲಿ ಪಾಠಾಂತರಗಳಿವೆ, ಯಾವ ಪುಸ್ತಕಗಳು ಬೈಬಲಿಗೆ ಸೇರಬೇಕೆಂಬುದನ್ನು ಮನುಷ್ಯರು ಸೇರಿ ತೀರ್ಮಾನಿಸಿದ್ದಾರೆ, ಹೀಗಿರುವಾಗ ಅಕ್ಷರವೇ ದೇವರ ವಾಕ್ಯವೆಂದು ಹೇಗೆ ಹಟ ಹಿಡಿಯುವುದು ಎಂದು ಕೇಳಿದ. ಆಧುನಿಕ ಗ್ರಂಥಸಂಪಾದನ ಶಾಸ್ತ್ರ ಕೇಳುವ ಪ್ರಶ್ನೆಗಳನ್ನು ಅವನು ಆಗಲೇ ಎತ್ತಿದ್ದ.

ನೇಯ್ಲರ್ ಪ್ರಕರಣ

ಸ್ವತಂತ್ರ ಓದಿನ ಅಪಾಯವನ್ನು ಕ್ವೇಕರರು ಪುಸ್ತಕದಿಂದ ಕಲಿಯಲಿಲ್ಲ, ಪೆಟ್ಟು ತಿಂದು ಕಲಿತರು. ಫಾಕ್ಸ್‌ನಷ್ಟೇ ಪ್ರಭಾವಶಾಲಿಯಾಗಿದ್ದ ಜೇಮ್ಸ್ ನೇಯ್ಲರ್ 1656ರ ಅಕ್ಟೋಬರಿನಲ್ಲಿ ಮಳೆ ಸುರಿಯುತ್ತಿರುವಾಗ ಕುದುರೆಯೇರಿ ಬ್ರಿಸ್ಟಲ್ ನಗರ ಹೊಕ್ಕ. ಜೊತೆಗಿದ್ದವರು ಯೇಸು ಯೆರೂಸಲೇಮಿಗೆ ಬಂದಾಗಿನಂತೆ ಜಯಘೋಷ ಮಾಡಿದರು. ಎಲ್ಲರೊಳಗೂ ಕ್ರಿಸ್ತನಿದ್ದಾನೆಂಬುದರ ಕುರುಹಾಗಿ ಹಾಗೆ ಮಾಡಿದೆನೆಂಬುದು ಅವನ ಸಮಜಾಯಿಷಿ. ಪಾರ್ಲಿಮೆಂಟು ದಿನಗಟ್ಟಲೆ ಚರ್ಚಿಸಿ ದೇವದೂಷಣೆಯ ತೀರ್ಪು ಕೊಟ್ಟಿತು: ಚಾಟಿಯೇಟು, ನಾಲಗೆಗೆ ಕಾದ ಕಬ್ಬಿಣದ ತೂತು, ಹಣೆಗೆ ಬರೆ, ಸೆರೆವಾಸ. ಅವನು 1660ರಲ್ಲಿ ತೀರಿಕೊಂಡ. ತಾಳ್ಮೆಯೂ ಕ್ಷಮೆಯೂ ತುಂಬಿದ ಅವನ ಕೊನೆಗಾಲದ ಬರಹಗಳು ಕ್ವೇಕರ್ ಸಾಹಿತ್ಯದ ಅತ್ಯಂತ ಎತ್ತರದ ಪುಟಗಳೆಂಬುದು ಈ ಲೇಖಕನ ಅಭಿಪ್ರಾಯ.

ಈ ಘಟನೆಯ ತರುವಾಯ ಪಂಥ ಒಂದು ನಿಯಮವನ್ನು ಗಟ್ಟಿ ಮಾಡಿಕೊಂಡಿತು. ಒಬ್ಬನಿಗೆ ಹೊಳೆದ ಅರ್ಥವನ್ನು ಕೂಟದ ಮುಂದಿಡಬೇಕು. ಕೂಟ ಮೌನದಲ್ಲಿ ಅದನ್ನು ತೂಗಬೇಕು. ಮತಕ್ಕೆ ಹಾಕಿ ಎಣಿಸದೆ, ಎಲ್ಲರಿಗೂ ಒಂದೇ ದಿಕ್ಕು ಕಾಣುವವರೆಗೆ ಕಾಯಬೇಕು. ಹಾಗಾಗಿ ಕ್ವೇಕರ್ ಅರ್ಥದ ಸ್ವತಂತ್ರ ಅಧ್ಯಯನವೆಂದರೆ ಪೀಠದಿಂದ ಸ್ವತಂತ್ರ, ಬಳಗದಿಂದ ಅಲ್ಲ. ಬೈಬಲನ್ನು ಒಬ್ಬನೇ ಓದಿ ಒಬ್ಬನೇ ತೀರ್ಪು ಕೊಟ್ಟುಕೊಳ್ಳುವವನನ್ನು ಈ ಪರಂಪರೆ ತನ್ನವನೆಂದು ಹೇಳಿಕೊಳ್ಳುವುದಿಲ್ಲ.

ಪಾಂಡಿತ್ಯದ ಸಾಲು

ವೇತನದ ಪಾದ್ರಿಗಳಿಲ್ಲದ ಪಂಥದಲ್ಲಿ ವಿದ್ವತ್ತು ಯಾರ ಸ್ವತ್ತೂ ಆಗಿರಲಿಲ್ಲ. ಇದಕ್ಕೆ ಆಂಟನಿ ಪರ್ವರ್‌ಗಿಂತ (1702–1777) ಒಳ್ಳೆಯ ನಿದರ್ಶನವಿಲ್ಲ. ಹ್ಯಾಂಪ್‌ಶೈರಿನಲ್ಲಿ ಹುಟ್ಟಿ, ಚಪ್ಪಲಿ ಹೊಲಿಯುವ ಕೆಲಸಕ್ಕೆ ಸೇರಿದ್ದ ಹುಡುಗ. ಭಾಷಾಂತರದಲ್ಲಿ ತಪ್ಪುಗಳಿರಬಹುದೆಂಬ ಅನುಮಾನ ಹೊಕ್ಕಿದ್ದೇ ತಡ, ತಾನಾಗಿಯೇ ಹೀಬ್ರೂ, ಗ್ರೀಕ್ ಕಲಿತ. ಹಲವು ದಶಕ ದುಡಿದು ಇಡೀ ಬೈಬಲನ್ನು ಒಬ್ಬನೇ ಇಂಗ್ಲಿಷಿಗೆ ತಂದ. 1764ರಲ್ಲಿ ವೈದ್ಯ ಜಾನ್ ಫಾದರ್‌ಗಿಲ್ ತಮ್ಮ ಖರ್ಚಿನಲ್ಲಿ ಅದನ್ನು ಎರಡು ಸಂಪುಟಗಳಾಗಿ ಅಚ್ಚು ಹಾಕಿಸಿದರು. ಶೈಲಿ ತೊಡಕಿನದು, ಪ್ರಚಾರ ಸಿಗಲಿಲ್ಲ. ಆದರೂ ಜನ ಅದನ್ನು ಕ್ವೇಕರ್ ಬೈಬಲ್ ಎಂದೇ ಕರೆದರು.

19ನೆಯ ಶತಮಾನದ ಕೊನೆಗೆ ಬೈಬಲಿನ ಚಾರಿತ್ರಿಕ ವಿಮರ್ಶೆ ಬಹುತೇಕ ಚರ್ಚುಗಳನ್ನು ನಡುಗಿಸುತ್ತಿದ್ದಾಗ, ಬ್ರಿಟನ್ನಿನ ಮಿತ್ರರು 1895ರ ಮ್ಯಾಂಚೆಸ್ಟರ್ ಸಮ್ಮೇಳನದಲ್ಲಿ ಅದಕ್ಕೆ ಬಾಗಿಲು ತೆರೆದರು. 1897ರಲ್ಲಿ ಸ್ಕಾರ್‌ಬರೋದಲ್ಲಿ ಬೇಸಿಗೆ ಶಿಬಿರ ನಡೆಯಿತು. 1903ರಲ್ಲಿ ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್‌ನಲ್ಲಿ ವುಡ್‌ಬ್ರೂಕ್ ಅಧ್ಯಯನ ಕೇಂದ್ರ ಹುಟ್ಟಿತು. ಅದರ ಮೊದಲ ಅಧ್ಯಯನ ನಿರ್ದೇಶಕ ಜೆ. ರೆಂಡೆಲ್ ಹ್ಯಾರಿಸ್ ಸಿರಿಯಾಕ್ ಹಸ್ತಪ್ರತಿಗಳ ತಜ್ಞ. ಸಿನಾಯ್ ಬೆಟ್ಟದ ಮಠದಲ್ಲಿ ಆದಿ ಕ್ರೈಸ್ತ ಲೇಖಕ ಅರಿಸ್ಟೈಡೀಸನ ಕಳೆದುಹೋಗಿದ್ದ ಸಮರ್ಥನಾ ಗ್ರಂಥವನ್ನು 1889ರಲ್ಲಿ ಪತ್ತೆ ಹಚ್ಚಿದವರು ಅವರೇ. ಅಂಥ ವಿದ್ವಾಂಸ ಗುಮಾಸ್ತರಿಗೂ ಶಾಲಾ ಶಿಕ್ಷಕಿಯರಿಗೂ ಪಾಠ ಹೇಳುತ್ತಿದ್ದುದು ಈ ಪರಂಪರೆಯ ಗುಣವನ್ನು ತಿಳಿಸುತ್ತದೆ. ಅಮೆರಿಕದ ಹೆನ್ರಿ ಜೆ. ಕ್ಯಾಡ್‌ಬರಿ (1883–1974) ಹಾರ್ವರ್ಡ್‌ನಲ್ಲಿ ಹೊಸ ಒಡಂಬಡಿಕೆಯ ಪ್ರಾಧ್ಯಾಪಕರಾಗಿದ್ದವರು. 1946ರಲ್ಲಿ ಹೊರಬಂದ ಪರಿಷ್ಕೃತ ಇಂಗ್ಲಿಷ್ ಹೊಸ ಒಡಂಬಡಿಕೆಯ ಅನುವಾದಕರಲ್ಲೊಬ್ಬರು. 1947ರ ನೊಬೆಲ್ ಶಾಂತಿ ಪ್ರಶಸ್ತಿ ಬ್ರಿಟನ್ ಮತ್ತು ಅಮೆರಿಕದ ಕ್ವೇಕರ್ ಸೇವಾಸಂಸ್ಥೆಗಳಿಗೆ ಬಂದಾಗ ಓಸ್ಲೋದಲ್ಲಿ ಅಮೆರಿಕದ ಸಂಸ್ಥೆಯ ಪರವಾಗಿ ಅದನ್ನು ಸ್ವೀಕರಿಸಿದವರೂ ಅವರೇ. ಸಮಾರಂಭಕ್ಕೆ ಬೇಕಾದ ಉದ್ದನೆಯ ಕೋಟನ್ನು ನಿರಾಶ್ರಿತರಿಗೆ ಕಳಿಸಲು ಕೂಡಿಹಾಕಿದ್ದ ಬಟ್ಟೆಗಳ ರಾಶಿಯಿಂದ ಎರವಲು ಪಡೆದು ತೊಟ್ಟಿದ್ದರು.

ಪಂಥದೊಳಗೆ ಎಲ್ಲರೂ ಒಂದೇ ಬಗೆಯಲ್ಲಿ ಓದುತ್ತಾರೆಂದಲ್ಲ. ಪ್ರತಿಯೊಬ್ಬರೊಳಗಿರುವ ದೇವರ ಬೆಳಕಿಗೆ, ಅಂದರೆ ಒಳಬೆಳಕಿಗೆ, ಒತ್ತು ಕೊಟ್ಟ ಅಮೆರಿಕದ ಎಲಿಯಾಸ್ ಹಿಕ್ಸ್‌ನ ಬೆಂಬಲಿಗರು ಮತ್ತು ಬೈಬಲಿನ ಅಧಿಕಾರಕ್ಕೆ ಒತ್ತು ಕೊಟ್ಟವರು 1827ರಲ್ಲಿ ಫಿಲಡೆಲ್ಫಿಯಾದಲ್ಲಿ ಬೇರೆಯಾದರು. ಇಂಗ್ಲೆಂಡಿನ ಜೋಸೆಫ್ ಜಾನ್ ಗರ್ನಿ ದಿನನಿತ್ಯದ ಬೈಬಲ್ ಪಾರಾಯಣವನ್ನು ಮನೆಮನೆಗೂ ಸಾರಿದ. 1887ರ ರಿಚ್‌ಮಂಡ್ ಘೋಷಣೆ ಗ್ರಂಥದ ಅಧಿಕಾರವನ್ನು ಮತ್ತೆ ಎತ್ತಿ ಹಿಡಿಯಿತು. 1902ರಲ್ಲಿ ಕೈಮೋಸಿಯಲ್ಲಿ ಆರಂಭವಾದ ಕೆನ್ಯಾದ ಸಭೆಗಳಲ್ಲಿ ಹಾಡು, ಪ್ರಸಂಗ, ಪಾಸ್ಟರ್ ಎಲ್ಲವೂ ಇವೆ. ಈ ಲೇಖನದಲ್ಲಿ ಮುಖ್ಯವಾಗಿ ನೋಡುತ್ತಿರುವುದು ಮೌನಸಭೆಯ ಧಾರೆಯ ಓದನ್ನು.

ಓದುವ ಕ್ರಮ

ಹಳೆಯ ಮಿತ್ರರು ಕ್ರಮವನ್ನು ಬರೆದಿಡಲಿಲ್ಲ. ಇತ್ತೀಚಿನದರಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಜೋಆನ್ ಮತ್ತು ಲ್ಯಾರಿ ಸ್ಪಿಯರ್ಸ್ 1990ರಲ್ಲಿ ಒಂದು ಕಿರುಹೊತ್ತಗೆಯಲ್ಲಿ ಕೊಟ್ಟ ಐದು ಪ್ರಶ್ನೆಗಳ ವಿಧಾನ. ಒಂದು ಚಿಕ್ಕ ಭಾಗವನ್ನು ಗಟ್ಟಿಯಾಗಿ ಓದುತ್ತಾರೆ. ಆಮೇಲೆ ಪ್ರತಿಯೊಬ್ಬರೂ ಮೌನವಾಗಿ ಬರೆದುಕೊಳ್ಳುತ್ತಾರೆ: ಬರೆದವನು ಮುಖ್ಯವಾಗಿ ಏನು ಹೇಳುತ್ತಿದ್ದಾನೆ, ಈ ಸಲದ ಓದಿನಲ್ಲಿ ನನಗೆ ಹೊಸದಾಗಿ ಕಂಡದ್ದೇನು, ಇದು ನನ್ನ ಅನುಭವಕ್ಕೆ ನಿಜವೇ, ಇದರಿಂದ ನನ್ನ ಬದುಕಿನಲ್ಲಿ ಏನು ಬದಲಾಗಬೇಕು, ಇದರಲ್ಲಿ ನನಗೆ ಒಪ್ಪಲಾಗದ್ದು ಏನು. ಬಳಿಕ ಸರದಿಯಂತೆ ಹಂಚಿಕೊಳ್ಳುತ್ತಾರೆ. ಯಾರ ಮಾತಿಗೂ ಯಾರೂ ತಿದ್ದುಪಡಿ ಹೇಳುವುದಿಲ್ಲ, ವಾದಿಸುವುದಿಲ್ಲ. ಇಬ್ಬರ ಮಾತಿನ ನಡುವೆ ಸ್ವಲ್ಪ ಮೌನ ಬಿಡುತ್ತಾರೆ. ಗುರುವಿನ ಸ್ಥಾನದಲ್ಲಿ ಯಾರೂ ಇಲ್ಲ. ವ್ಯಾಖ್ಯಾನ ಗ್ರಂಥಗಳನ್ನು ತೆರೆಯುವುದು ಇದೆಲ್ಲ ಮುಗಿದ ಮೇಲೆ.

ಈ ವಿಧಾನದ ಶಕ್ತಿ ಇರುವುದು ಕೊನೆಯ ಪ್ರಶ್ನೆಯಲ್ಲಿ. ಭಕ್ತಿಯ ಕೂಟಗಳಲ್ಲಿ ಸಾಮಾನ್ಯವಾಗಿ ಬಾಯಿಗೆ ಬಾರದ ಸಂಕಟಕ್ಕೆ ಇಲ್ಲಿ ಅಧಿಕೃತ ಜಾಗವಿದೆ. ಯೆಹೋಶುವನ ಪುಸ್ತಕದಲ್ಲಿ ಊರಿಗೆ ಊರನ್ನೇ ಕೊಂದುಹಾಕುವ ವರ್ಣನೆ ಬಂದರೆ, ಇದನ್ನು ನಾನು ಒಪ್ಪಲಾರೆ ಎಂದು ಬರೆಯಬಹುದು. ಹಾಗೆ ಬರೆದವರ ನಂಬಿಕೆ ಕಡಿಮೆಯಾಯಿತೆಂದು ಯಾರೂ ತಿಳಿಯುವುದಿಲ್ಲ.

ಮತ್ತೆ ಮತ್ತೆ ಓದಿದ ಭಾಗಗಳು

ಬೈಬಲಿನ ಎಲ್ಲ ಪುಟಗಳೂ ಕ್ವೇಕರ್ ಬದುಕಿನಲ್ಲಿ ಸಮಾನವಾಗಿ ಸವೆದಿಲ್ಲ. ಲೋಕಕ್ಕೆ ಬರುವ ಪ್ರತಿ ಮನುಷ್ಯನನ್ನೂ ಬೆಳಗುವ ಬೆಳಕಿನ ಬಗ್ಗೆ ಹೇಳುವ ಯೋಹಾನ 1:9 ಅವರ ಬುನಾದಿ. ಧರ್ಮಶಾಸ್ತ್ರ ಕಲ್ಲಿನ ಮೇಲಲ್ಲದೆ ಹೃದಯದ ಮೇಲೆ ಬರೆಯಲ್ಪಡುವ ದಿನವನ್ನು ಸೂಚಿಸುವ ಯೆರೆಮೀಯ 31, ಅಕ್ಷರಕ್ಕೂ ಆತ್ಮಕ್ಕೂ ಇರುವ ಅಂತರ ಹೇಳುವ 2 ಕೊರಿಂಥ 3, ಬಿರುಗಾಳಿ ಭೂಕಂಪಗಳಲ್ಲಿ ಸಿಗದ ದೇವರು ಮೆಲುದನಿಯಲ್ಲಿ ಎಲೀಯನಿಗೆ ಸಿಕ್ಕ 1 ಅರಸುಗಳು 19, ಇವು ಮೌನಾರಾಧನೆಗೆ ಆಧಾರ.

ಓದು ಆಚರಣೆಯಾಗಿ ತಿರುಗಿದ ಪ್ರಸಂಗಗಳು ಇನ್ನೂ ಮುಖ್ಯ. ಮತ್ತಾಯ 5 ಮತ್ತು ಯಾಕೋಬ 5ರಲ್ಲಿ ಆಣೆ ಇಡಬೇಡಿರಿ ಎಂಬ ಮಾತಿದೆ. ಉಳಿದ ಚರ್ಚುಗಳು ಅದಕ್ಕೆ ಒಳಾರ್ಥ ಹುಡುಕಿದವು. ಕ್ವೇಕರರು ಇದ್ದಂತೆಯೇ ಓದಿದರು, ನ್ಯಾಯಾಲಯದಲ್ಲಿ ಪ್ರಮಾಣ ಮಾಡಲು ಒಪ್ಪದೆ ಜೈಲು ಸೇರಿದರು, ಆಸ್ತಿ ಕಳೆದುಕೊಂಡರು. ಸತ್ಯ ಹೇಳಲು ಒಂದು ಗಳಿಗೆ, ಬಿಡಲು ಇನ್ನೊಂದು ಗಳಿಗೆ ಇರಲಾಗದು ಎಂಬುದು ಅವರ ತರ್ಕ. ಕೊನೆಗೆ 1690ರ ದಶಕದಲ್ಲಿ ಇಂಗ್ಲೆಂಡಿನ ಕಾನೂನು ಅವರಿಗೆ ಪ್ರಮಾಣದ ಬದಲು ದೃಢವಚನ ಹೇಳುವ ಅವಕಾಶ ಕೊಟ್ಟಿತು. ಬ್ರಿಟಿಷ್ ಕಾನೂನಿನ ದಾರಿಯಲ್ಲಿ ಬಂದ ಆ ಆಯ್ಕೆ ನಮ್ಮ 1969ರ ಪ್ರಮಾಣಗಳ ಕಾಯಿದೆಯಲ್ಲೂ ಇದೆ, ಸಂವಿಧಾನದ ಮೂರನೆಯ ಅನುಸೂಚಿಯಲ್ಲೂ ಇದೆ. ವಿಧಾನಸೌಧದಲ್ಲಿ ಒಬ್ಬ ಶಾಸಕರು ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಇಲ್ಲವೇ ಸತ್ಯನಿಷ್ಠೆಯ ದೃಢವಚನ ಹೇಳಬಹುದು. ಮತ್ತಾಯನ ನಾಲ್ಕೈದು ವಾಕ್ಯಗಳನ್ನು ಕೆಲವರು ಪಟ್ಟು ಬಿಡದೆ ಓದಿದ್ದರ ಫಲ ಇಷ್ಟು ದೂರ ಬಂದಿದೆ.

ಯುದ್ಧಗಳು ಮನುಷ್ಯನ ಒಳಗಿನ ಆಸೆಗಳಿಂದ ಹುಟ್ಟುತ್ತವೆ ಎನ್ನುವ ಯಾಕೋಬ 4ನ್ನು ಆಧರಿಸಿ, ಯಾವ ನೆಪದಲ್ಲೂ ಆಯುಧ ಹಿಡಿಯೆವು ಎಂಬ ಘೋಷಣೆಯನ್ನು 1661ರ ಜನವರಿಯಲ್ಲಿ ದೊರೆ ಎರಡನೆಯ ಚಾರ್ಲ್ಸ್‌ಗೆ ಸಲ್ಲಿಸಿದರು. ಸಭೆಯಲ್ಲಿ ಹೆಂಗಸರು ಸುಮ್ಮನಿರಲಿ ಎಂಬ ಪೌಲನ ಮಾತನ್ನು ಮಾರ್ಗರೆಟ್ ಫೆಲ್ ಜೈಲಿನಲ್ಲಿ ಕೂತು ಎದುರಿಸಿದರು. 1666ರ ಅವರ ಕಿರುಗ್ರಂಥ ಪೌಲ ಯಾವ ಸಂದರ್ಭದಲ್ಲಿ ಯಾರಿಗೆ ಹಾಗೆ ಬರೆದನೆಂದು ಕೇಳುತ್ತದೆ. ಗಂಡುಮಕ್ಕಳೂ ಹೆಣ್ಣುಮಕ್ಕಳೂ ಪ್ರವಾದಿಸುವರೆಂಬ ಯೋವೇಲನ ಮಾತನ್ನು ಮುಂದಿಡುತ್ತದೆ. ಪುನರುತ್ಥಾನದ ಸುದ್ದಿಯನ್ನು ಮೊದಲು ಸಾರಿದವರು ಹೆಂಗಸರಲ್ಲವೇ ಎನ್ನುತ್ತದೆ. ಒಂದು ವಾಕ್ಯವನ್ನು ಇಡೀ ಗ್ರಂಥದ ಬೆಳಕಿನಲ್ಲಿ ಇಟ್ಟು ಓದುವುದಕ್ಕೆ ಇದಕ್ಕಿಂತ ಸ್ಪಷ್ಟ ಮಾದರಿ ಸಿಗುವುದು ಕಷ್ಟ. ಗುಲಾಮಗಿರಿಯ ವಿಷಯದಲ್ಲೂ ಹೀಗೆಯೇ ಆಯಿತು. ದಾಸರು ಯಜಮಾನರಿಗೆ ವಿಧೇಯರಾಗಿರಲಿ ಎಂಬ ವಾಕ್ಯಗಳು ಬೈಬಲಿನಲ್ಲಿ ಇದ್ದೇ ಇವೆ. ನಿಮಗೆ ಇತರರು ಏನು ಮಾಡಬೇಕೆಂದು ಬಯಸುವಿರೋ ಅದನ್ನೇ ಅವರಿಗೆ ಮಾಡಿರಿ ಎಂಬ ಉಪದೇಶವೂ ಇದೆ. 1688ರಲ್ಲಿ ಪೆನ್ಸಿಲ್ವೇನಿಯದ ಜರ್ಮನ್‌ಟೌನ್‌ನಿಂದ ಹೊರಟ ಪ್ರತಿಭಟನಾ ಪತ್ರ ಎರಡನೆಯದನ್ನು ಹಿಡಿಯಿತು. ಆದರೆ ಫಿಲಡೆಲ್ಫಿಯಾದ ಮಿತ್ರರು ಗುಲಾಮರನ್ನು ಇಟ್ಟುಕೊಳ್ಳುವುದನ್ನು ಪೂರ್ತಿ ನಿಷೇಧಿಸಿದ್ದು 1776ರಲ್ಲಿ. ನಡುವಿನ ಎಂಬತ್ತೆಂಟು ವರ್ಷ ಅನುಕೂಲಸ್ಥ ಕ್ವೇಕರರು ತಮಗೆ ಬೇಕಾದ ವಾಕ್ಯಗಳನ್ನೇ ಓದಿಕೊಂಡಿದ್ದರು. ಕಾದು ಕೂರುವ ಕ್ರಮದಿಂದ ಅನ್ಯಾಯ ಎಷ್ಟು ಕಾಲ ಉಳಿಯಬಲ್ಲದು ಎಂಬುದಕ್ಕೂ ಇದು ಸಾಕ್ಷಿ.

ಭಾರತದಲ್ಲಿ

1866ರಲ್ಲಿ ರೇಚಲ್ ಮೆಟ್‌ಕಾಫ್ ಬನಾರಸಿಗೆ ಬಂದರು. ಮುಂದೆ ಬ್ರಿಟಿಷ್ ಮಿತ್ರರ ಕೆಲಸ ಹೊಶಂಗಾಬಾದ್ ಸುತ್ತ ನೆಲೆ ನಿಂತಿತು. ಅಮೆರಿಕದ ಡೀಲಿಯಾ ಫಿಸ್ಲರ್ ಮತ್ತು ಎಸ್ತರ್ ಬೇರ್ಡ್ 1896ರ ಬರಗಾಲದಲ್ಲಿ ಬುಂದೇಲಖಂಡದ ನೌಗಾಂವ್‌ನಲ್ಲಿ ಅನಾಥ ಮಕ್ಕಳನ್ನು ಸಾಕಿದರು. ಗಾಂಧೀಜಿಗೆ ಕ್ರೈಸ್ತ ಪುಸ್ತಕಗಳನ್ನು ಒಂದರ ಮೇಲೊಂದು ಓದಿಸಿದವನು 1893ರಲ್ಲಿ ಪ್ರಿಟೋರಿಯದಲ್ಲಿ ಸಿಕ್ಕ ಕ್ವೇಕರ್ ಯುವಕ ಕೋಟ್ಸ್. ಗಾಂಧೀಜಿ ಪುಸ್ತಕಗಳನ್ನು ಓದಿದರು, ಕೊರಳ ತುಳಸಿಮಾಲೆಯನ್ನು ಮಾತ್ರ ಅವನ ಒತ್ತಾಯಕ್ಕೆ ಕೀಳಲಿಲ್ಲ. ಯೇಸುವಿನ ಪರ್ವತಪ್ರಸಂಗವನ್ನು ಅವರು ಬದುಕಿನುದ್ದಕ್ಕೂ ಹೊತ್ತು ನಡೆದರು; 1926ರಲ್ಲಿ ಗುಜರಾತ್ ವಿದ್ಯಾಪೀಠದ ವಿದ್ಯಾರ್ಥಿಗಳ ಜೊತೆ ಹೊಸ ಒಡಂಬಡಿಕೆ ಓದಿ ಟೀಕೆಗೂ ಗುರಿಯಾದರು.

ಕನ್ನಡ ನಾಡಿಗೆ ಅತ್ಯಂತ ಹತ್ತಿರ ಬದುಕಿದ ಹೆಸರಾಂತ ಕ್ವೇಕರ್ ಎಂದರೆ ಮಾರ್ಜರಿ ಸೈಕ್ಸ್ (1905–1995). 1928ರಲ್ಲಿ ಮದರಾಸಿನ ಶಾಲೆಗೆ ಶಿಕ್ಷಕಿಯಾಗಿ ಬಂದವರು, ಶಾಂತಿನಿಕೇತನದಲ್ಲಿ ಕಲಿಸಿದರು, ಸೇವಾಗ್ರಾಮದಲ್ಲಿ ಗಾಂಧೀಜಿಯ ನಯೀ ತಾಲೀಮ್ ಶಿಕ್ಷಣಕ್ಕೆ ದುಡಿದರು, ಭಾರತದ ಪೌರತ್ವ ಪಡೆದರು. ಬಹುಕಾಲ ನೀಲಗಿರಿಯ ಕೋಟಗಿರಿಯಲ್ಲಿ ಬಡಗರ ನಡುವೆ ವಾಸಿಸಿದರು. ಬಡಗರ ಭಾಷೆ ಕನ್ನಡದ ಒಡನಾಡಿ. ಭಾರತದ ಕ್ವೇಕರರ ಚರಿತ್ರೆಯನ್ನು ಬರೆದು 1980ರಲ್ಲಿ ಪ್ರಕಟಿಸಿದವರೂ ಸೈಕ್ಸ್ ಅವರೇ.

ಕನ್ನಡದ ಓದುಗರ ಕೈಲಿರುವುದು

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. 1830ರ ದಶಕದ ಆರಂಭದ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ಅವರ ಜೊತೆಗಾರ ವಿಲಿಯಂ ರೀವ್ ಕನ್ನಡ ನಿಘಂಟುಗಳನ್ನು ಸಿದ್ಧಪಡಿಸಿದರು. ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಮುಂದೆ ಪರಿಷ್ಕರಿಸಿದರು. ಪ್ರಾಟೆಸ್ಟಂಟರು ಬಳಸುವ 'ಸತ್ಯವೇದವು' 66 ಪುಸ್ತಕಗಳದ್ದು. ಕೆಥೋಲಿಕರ 'ಪವಿತ್ರ ಬೈಬಲ್' 73 ಪುಸ್ತಕಗಳದ್ದು, ಅದರ ಕನ್ನಡ ಇಂದಿನ ಮಾತಿಗೆ ಹತ್ತಿರ. ಸ್ವತಂತ್ರವಾಗಿ ಓದುವವರು ಎರಡನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಹಳೆಯ ಅನುವಾದದಲ್ಲಿ ಅರ್ಥವಾಗದೆ ಮುಂದೆ ದಾಟಿಸಿದ ವಾಕ್ಯ ಹೊಸದರಲ್ಲಿ ತಡೆದು ನಿಲ್ಲಿಸುತ್ತದೆ. ಎರಡೂ ಬೇರೆಬೇರೆಯಾಗಿ ಹೇಳಿದರೆ ಮೂಲದಲ್ಲೇ ಏನೋ ತೊಡಕಿದೆ ಎಂದು ತಿಳಿಯುತ್ತದೆ.

ಕನ್ನಡದಲ್ಲಿ ಈ ಮನೋಧರ್ಮಕ್ಕೆ ಹತ್ತಿರವಾದ ಓದುಗನನ್ನು ಹುಡುಕಿದರೆ ರೆವರೆಂಡ್ ಉತ್ತಂಗಿ ಚನ್ನಪ್ಪ (1881–1962) ಸಿಗುತ್ತಾರೆ. ಅವರು ಕ್ವೇಕರರಲ್ಲ, ಬಾಸೆಲ್ ಮಿಷನ್ ಪರಂಪರೆಯ ಸಭಾಪಾಲಕರು. ಸುವಾರ್ತೆಯನ್ನು ಬೋಧಿಸುತ್ತಲೇ ಊರೂರು ತಿರುಗಿ ಸರ್ವಜ್ಞನ ತ್ರಿಪದಿಗಳನ್ನು ಕೂಡಿಸಿ 1924ರಲ್ಲಿ ಪ್ರಕಟಿಸಿದರು, ಅನುಭವ ಮಂಟಪದ ಚಾರಿತ್ರಿಕತೆಯನ್ನು ಕುರಿತು ಬರೆದರು, 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 'ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ'ಯಲ್ಲಿ ಅವರು ಯೇಸುವನ್ನು ಪಶ್ಚಿಮದ ಚರ್ಚಿನ ಪೋಷಾಕು ತೆಗೆದು ಭಾರತದ ಮುಂದೆ ನಿಲ್ಲಿಸಲು ಬಯಸಿದರು. ಪೀಠದ ಅಪ್ಪಣೆಗೆ ಕಾಯದೆ, ತನ್ನ ನೆಲದ ಅನುಭಾವಿಗಳ ಜೊತೆ ಕೂತು ಬೈಬಲ್ ಓದಿದವರು ಅವರು. ಗ್ರಂಥಕ್ಕಿಂತ ಅನುಭಾವ ಮಿಗಿಲೆಂದ ಶರಣರ ನಾಡಿನಲ್ಲಿ ಫಾಕ್ಸ್‌ನ ವಾದ ಹೊರಗಿನದೆಂದು ಅನ್ನಿಸುವುದಿಲ್ಲ.

ಬೆಳ್ಳಂದೂರಿನಲ್ಲಿ

ಔಟರ್ ರಿಂಗ್ ರೋಡಿನ ಟೆಕ್ ಪಾರ್ಕುಗಳು ಬರುವ ಮೊದಲು ಬೆಳ್ಳಂದೂರು ಕೆರೆಯ ಊರು. ಬೆಂಗಳೂರಿನ ಅತಿ ದೊಡ್ಡ ಕೆರೆ ಅದು. ಕೋಡಿಯ ನೀರು ವರ್ತೂರಿಗೆ ಹರಿಯುತ್ತದೆ. ಈಗ ಇಲ್ಲಿ ಕನ್ನಡದ ಜೊತೆಗೆ ತಮಿಳು, ತೆಲುಗು, ಮಲಯಾಳಂ, ಹಿಂದಿ, ಒಡಿಯಾ ಮಾತಾಡುವವರು ಒಂದೇ ಬ್ಲಾಕಿನಲ್ಲಿ ಇರುತ್ತಾರೆ. ಇಂಥ ಕಡೆ ಐದಾರು ಜನ ಒಂದು ಹಾಲಿನಲ್ಲಿ ಸೇರಿ, ಒಂದೇ ಭಾಗವನ್ನು ಅವರವರ ಭಾಷೆಯಲ್ಲಿ ಮೊಬೈಲಿನಿಂದ ಓದಿದರೆ, ಪರ್ವರ್ ಹಲವು ದಶಕ ಪಟ್ಟ ಪಾಡಿನ ಒಂದು ಅಂಶ ಹತ್ತು ನಿಮಿಷದಲ್ಲಿ ಕೈಗೆ ಬರುತ್ತದೆ. ಆಳಕ್ಕೆ ಇಳಿಯಬೇಕೆಂದರೆ ನಗರದಲ್ಲಿ ಸೌಕರ್ಯವಿದೆ: ಮಹಾತ್ಮ ಗಾಂಧಿ ರಸ್ತೆಯಲ್ಲಿ ಬೈಬಲ್ ಸೊಸೈಟಿಯ ಕೇಂದ್ರ ಕಚೇರಿ, ಮಿಲ್ಲರ್ಸ್ ರಸ್ತೆಯಲ್ಲಿ 1910ರಲ್ಲಿ ಸ್ಥಾಪನೆಯಾದ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ಹಚಿನ್ಸ್ ರಸ್ತೆಯಲ್ಲಿ 1967ರಲ್ಲಿ ಡಿ. ಎಸ್. ಅಮಲೋರ್ಪವದಾಸ್ ಕಟ್ಟಿದ ಕೆಥೋಲಿಕ್ ಬೈಬಲ್ ಕೇಂದ್ರ, ಬೆಳ್ಳಂದೂರಿನಿಂದ ದೂರವಲ್ಲದ ವೈಟ್‌ಫೀಲ್ಡಿನಲ್ಲಿ 1963ರಲ್ಲಿ ಎಂ. ಎ. ಥಾಮಸ್ ಆರಂಭಿಸಿದ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್.

ಐದು ಪ್ರಶ್ನೆಗಳ ವಿಧಾನ ಇಲ್ಲಿ ಹೇಗೆ ಕೆಲಸ ಮಾಡುತ್ತದೆಂದು ನೋಡಲು ಹೋಶೇಯ 4ರ ಮೊದಲ ಮೂರು ವಾಕ್ಯಗಳು ತಕ್ಕವು. ಕ್ರಿ.ಪೂ. 8ನೆಯ ಶತಮಾನದ ಈ ಪ್ರವಾದಿ ಉತ್ತರ ಇಸ್ರಾಯೇಲಿನವನು. ದೇಶದಲ್ಲಿ ಸತ್ಯವಿಲ್ಲ, ಕರುಣೆಯಿಲ್ಲ, ಸುಳ್ಳು ಕಳವು ಕೊಲೆ ಹೆಚ್ಚಿವೆ, ಆದಕಾರಣ ನೆಲ ಗೋಳಾಡುತ್ತದೆ, ಮೃಗಪಕ್ಷಿಗಳು ಬಾಡುತ್ತವೆ, ಮೀನುಗಳೂ ಇಲ್ಲವಾಗುತ್ತವೆ ಎಂದು ದೇವರ ಪರವಾಗಿ ದಾವೆ ಹೂಡುತ್ತಾನೆ. ಮುಖ್ಯ ಮಾತು ಇಷ್ಟು. ಹೊಸದಾಗಿ ಕಾಣುವುದು ಮೀನು: ಮನುಷ್ಯರ ಸುಳ್ಳಿಗೆ ನೀರೊಳಗಿನ ಜೀವ ಬೆಲೆ ತೆರುತ್ತದೆ. ಅನುಭವಕ್ಕೆ ನಿಜವೇ ಎಂಬ ಮೂರನೆಯ ಪ್ರಶ್ನೆಗೆ ಬೆಳ್ಳಂದೂರಿನವರು ಬಹಳ ಹೊತ್ತು ಯೋಚಿಸಬೇಕಿಲ್ಲ. ಶುದ್ಧೀಕರಿಸದ ಕೊಳಚೆ ಸೇರಿ ಸೇರಿ 2015ರಲ್ಲಿ ಕೆರೆಯ ನೊರೆ ರಸ್ತೆಗೆ ಹಾರಿತು, ನೀರಿನ ಮೇಲೆ ಬೆಂಕಿ ಕಂಡಿತು. 2018ರ ಜನವರಿಯಲ್ಲಿ ಹೊತ್ತಿದ ಬೆಂಕಿಯನ್ನು ಆರಿಸಲು ಸೈನಿಕರೂ ಬರಬೇಕಾಯಿತು. ಹಾಗಾದರೆ ಬದುಕಿನಲ್ಲಿ ಬದಲಾಗಬೇಕಾದ್ದು? ನಮ್ಮ ಅಪಾರ್ಟ್‌ಮೆಂಟಿನ ಕೊಳಚೆ ಶುದ್ಧೀಕರಣ ಘಟಕ (ಎಸ್‌ಟಿಪಿ) ನಿಜಕ್ಕೂ ನಡೆಯುತ್ತಿದೆಯೇ, ಕಾಗದದ ಮೇಲೆ ಮಾತ್ರವೇ ಎಂದು ಮುಂದಿನ ಅಸೋಸಿಯೇಷನ್ ಸಭೆಯಲ್ಲಿ ಕೇಳುವುದು. ಪ್ರವಾದಿ ಸತ್ಯವನ್ನು ಪಟ್ಟಿಯ ಮೊದಲಿಗೆ ಇಟ್ಟಿದ್ದಾನೆ ಎಂಬುದು ಆಗ ನೆನಪಿರಬೇಕು. ಒಪ್ಪಲಾಗದ್ದೂ ಉಂಟು: ತಪ್ಪು ಮಾಡದ ಪ್ರಾಣಿಗಳು ಶಿಕ್ಷೆ ಅನುಭವಿಸುವುದು ಯಾವ ನ್ಯಾಯ, ಇದೇ ಪುಸ್ತಕದ ಮೊದಲ ಅಧ್ಯಾಯಗಳಲ್ಲಿ ದೇಶದ ದ್ರೋಹಕ್ಕೆ ಹೆಂಡತಿಯ ಹಾದರವನ್ನು ಉಪಮೆ ಮಾಡಿ ಹೆಣ್ಣನ್ನು ಅವಮಾನಿಸುವುದು ಏಕೆ. ಈ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು, ಮುಚ್ಚಿಡಬಾರದು.

ಈ ಓದಿಗೆ ಇತರ ಸಭೆಗಳ ಆಕ್ಷೇಪಗಳಿವೆ. ಗ್ರಂಥವೇ ಕೊನೆಯ ಪ್ರಮಾಣವೆನ್ನುವವರಿಗೆ ಒಳಬೆಳಕು ಸಡಿಲು ನೆಲವಾಗಿ ಕಾಣುತ್ತದೆ. ಸಭೆಯ ಬೋಧನಾಧಿಕಾರವನ್ನು ನಂಬುವ ಕೆಥೋಲಿಕರಿಗೆ ಐದಾರು ಜನರ ಕೂಟ ಸಾಲದೆನ್ನಿಸುತ್ತದೆ. ಇವಕ್ಕೆ ಬಾರ್ಕ್ಲೆ ಮತ್ತು ನೇಯ್ಲರ್ ಪ್ರಕರಣದ ನಂತರದ ಶಿಸ್ತು ಒಂದು ಮಟ್ಟಿಗೆ ಉತ್ತರ ಕೊಡುತ್ತವೆ. ಅದಕ್ಕಿಂತ ಗಂಭೀರವಾದ ಎಚ್ಚರಿಕೆ ಕ್ವೇಕರರೊಳಗಿಂದಲೇ ಬಂದಿದೆ. 1925ರಲ್ಲಿ ಬ್ರೂಸ್ ಬಾರ್ಟನ್ ಎಂಬ ಅಮೆರಿಕದ ಜಾಹೀರಾತು ಉದ್ಯಮಿ ಯೇಸುವನ್ನು ಆಧುನಿಕ ವ್ಯಾಪಾರದ ಸಂಸ್ಥಾಪಕನೆಂದು, ಹನ್ನೆರಡು ಜನರ ತಂಡ ಕಟ್ಟಿ ಲೋಕ ಗೆದ್ದ ಮೇಲಧಿಕಾರಿಯೆಂದು ಚಿತ್ರಿಸಿದ. ಪುಸ್ತಕ ಭರ್ಜರಿಯಾಗಿ ಮಾರಾಟವಾಯಿತು. ಕ್ಯಾಡ್‌ಬರಿ 1937ರ ತಮ್ಮ ಗ್ರಂಥದಲ್ಲಿ ಯೇಸುವನ್ನು ನಮ್ಮ ಕಾಲದವನನ್ನಾಗಿ ಮಾಡಿಕೊಳ್ಳುವ ಗಂಡಾಂತರವನ್ನೇ ವಿಷಯ ಮಾಡಿಕೊಂಡರು. ಯೇಸು ಒಂದನೆಯ ಶತಮಾನದ ಗಲಿಲಾಯದ ಯೆಹೂದ್ಯ. ಅವನ ಸುತ್ತಲಿನವರು ರೋಮಿನ ತೆರಿಗೆಯ ಕೆಳಗಿದ್ದ ಮೀನುಗಾರರು, ಗೇಣಿದಾರರು, ದಿನಗೂಲಿಗಳು. ಅವನ ಪ್ರಶ್ನೆಗಳು ಅವರವು. ಲೀಡರ್‌ಶಿಪ್ ತರಬೇತಿಗಳ ನಡುವೆ ದುಡಿಯುವ ಓದುಗರಿಗೆ ಸುವಾರ್ತೆಯಲ್ಲಿ ತಮ್ಮ ಮ್ಯಾನೇಜರನ್ನೋ ತಮ್ಮನ್ನೋ ಕಾಣುವುದು ಬಹಳ ಸುಲಭ. ಐದು ಪ್ರಶ್ನೆಗಳಲ್ಲಿ ಮೊದಲನೆಯದಕ್ಕೆ ಸಾಕಷ್ಟು ಹೊತ್ತು ಕೊಡದೆ ಮೂರನೆಯದಕ್ಕೆ ಹಾರುವವರು ಎಡವುವುದು ಇಲ್ಲಿಯೇ.